ನೇಗಿಲ ಸಾಲಿನಿಂದೆದ್ದ ಸಂತ: ದೋರನಹಳ್ಳಿಯ ಅಂತೋಣಿಯವರು

ಗುರುಪುರದ ಟಿಬೆಟನ್ ಮಠದಲ್ಲಿ ಪ್ರಾತಃಕಾಲದ ಮಂತ್ರಘೋಷವನ್ನು ಕೇಳಿ ಹೊರಟು, ಹುಣಸೂರಿನ ಹೊಗೆಸೊಪ್ಪಿನ ಹೊಲಗಳನ್ನು ಹಿಂದಿಕ್ಕಿ, ನಾಲೆಯ ನೀರುಂಡು ಹಸುರಾಗಿ ನಿಂತಿರುವ ಕೃಷ್ಣರಾಜನಗರದ ಭತ್ತದ ಬಯಲಿಗೆ ಇಳಿದು ಬರುವ ದಾರಿಗನು, ಒಂದೇ ದಿನದ ಪಯಣದಲ್ಲಿ ಮೂರು ಬಗೆಯ ಸಂನ್ಯಾಸಿಗಳ ನೆಲೆಗಳನ್ನು ಕಾಣಬಲ್ಲನು. ಹಿಮಾಲಯದಾಚೆಯಿಂದ ನೆಲೆತಪ್ಪಿ ಬಂದವರಿಗೆ 1970ರ ದಶಕದಲ್ಲಿ ಈ ನಾಡು ಕೊಟ್ಟ ಆಶ್ರಯವು ಗುರುಪುರ. ತಮಿಳುನಾಡಿನಿಂದ ಬಂದ ರಾಮಾನುಜರ ನೆನಪನ್ನು ಇಂದಿಗೂ ಕಾಯ್ದುಕೊಂಡಿರುವುದು ಸಾಲಿಗ್ರಾಮ. ಪೋರ್ಚುಗಲ್ಲಿನಲ್ಲಿ ಹುಟ್ಟಿ ಇಟಲಿಯಲ್ಲಿ ಮಣ್ಣಾದ, ಜೀವಿತಕಾಲದಲ್ಲಿ ಭರತಖಂಡದ ಕಡೆಗೆ ಮುಖವನ್ನೂ ಮಾಡದ ಫ್ರಾನ್ಸಿಸ್ಕನ್ ಸಂನ್ಯಾಸಿಯೊಬ್ಬನನ್ನು ‘ಅಂತೋಣಿಯಪ್ಪ’ ಎಂದು ಮನೆಯ ಹಿರಿಯನಂತೆ ಕೂಗಿ ಕರೆಯುವ ಊರು ದೋರನಹಳ್ಳಿ. ಮೊದಲಿನ ಇಬ್ಬರು ತಾವಾಗಿ ನಡೆದು ಬಂದವರು. ಮೂರನೆಯವರು ಮಾತ್ರ ನೆಲದೊಳಗಿನಿಂದ ಎದ್ದು ಬಂದರೆಂಬುದು ನಮ್ಮ ಜನರ ಹೇಳಿಕೆ.

ಆ ಹೇಳಿಕೆಯನ್ನು ಹಿರಿಯರು ಹೇಳುವ ಪರಿ ಇಂತು: ಸುಮಾರು ಇನ್ನೂರು ವರ್ಷಗಳ ಕೆಳಗೆ ಒಬ್ಬ ರೈತನು ತನ್ನ ಹೊಲವನ್ನು ಉಳುತ್ತಿರಲು, ನೇಗಿಲಿನ ಮೊನೆಗೆ ಏನೋ ತಗುಲಿತು. ಕೆದಕಿ ನೋಡಿದರೆ ಮರದ ಒಂದು ವಿಗ್ರಹ. ಅದು ಯಾವ ದೇವರೆಂದಾಗಲಿ, ದೇವರೇ ಎಂದಾಗಲಿ ಅರಿಯದ ಆ ಹಿಂದೂ ಗೃಹಸ್ಥನು, ಚೆಲುವಾದ ಗೊಂಬೆಯೆಂದು ಬಗೆದು ಮನೆಗೆ ಒಯ್ದು ಮಕ್ಕಳ ಕೈಗೆ ಆಡಲು ಕೊಟ್ಟನು. ಅಂದಿನ ರಾತ್ರಿ ನಿಲುವಂಗಿಯ ಸಂನ್ಯಾಸಿಯೊಬ್ಬನು ಕನಸಿನಲ್ಲಿ ಕಾಣಿಸಿಕೊಂಡು, ತನ್ನನ್ನು ಆಟದ ವಸ್ತುವಾಗಿಸದೆ ಒಂದು ಗುಡಿಯನ್ನು ಕಟ್ಟಿಸಬೇಕೆಂದು ಹೇಳಿದನಂತೆ. ಕನಸನ್ನು ಉಪೇಕ್ಷಿಸಿದುದರಿಂದ ಮನೆಗೆ ಕಷ್ಟಗಳು ಒಂದರ ಮೇಲೊಂದರಂತೆ ಒದಗಲಾಗಿ, ರೈತನು ಅವರಿವರನ್ನು ವಿಚಾರಿಸಿ ಕಡೆಗೆ ಶ್ರೀರಂಗಪಟ್ಟಣದ ಸಮೀಪದ ಪಾಲಹಳ್ಳಿಯ ಕ್ರೈಸ್ತ ಗುರುಗಳಲ್ಲಿಗೆ ಬಂದನೆಂದೂ, ಅವರು ಇದು ಸಂತ ಅಂತೋಣಿಯವರ ಪ್ರತಿಮೆಯೆಂದು ಗುರುತಿಸಿದರೆಂದೂ, ತರುವಾಯ ಹೊಲದ ಬಳಿಯಲ್ಲಿಯೇ ಒಂದು ಚಿಕ್ಕ ಗುಡಿ ಎದ್ದಿತೆಂದೂ ಹೇಳುವುದುಂಟು.

ಇಂತಹ ಕಥೆಯನ್ನು ಕೇಳಿದೊಡನೆ ಇತಿಹಾಸದ ವಿದ್ಯಾರ್ಥಿಯು ಮುಗುಳ್ನಗುವುದು ಸಹಜ. ಜನಕನಿಗೆ ಸೀತೆ ದೊರೆತುದು ನೇಗಿಲ ಸಾಲಿನಲ್ಲಿ. ನಮ್ಮ ಸೀಮೆಯ ಎಷ್ಟೋ ಊರುಗಳ ಉದ್ಭವಮೂರ್ತಿಗಳು ಕಾಣಿಸಿಕೊಂಡುದು ಗುದ್ದಲಿಗೆ, ಕುಡುಗೋಲಿಗೆ, ಹುತ್ತದ ಮೇಲೆ ಹಾಲು ಸುರಿಸಿದ ಹಸುವಿಗೆ. ಪರದೇಶದ ಸಂತನನ್ನು ತನ್ನವನನ್ನಾಗಿ ಮಾಡಿಕೊಳ್ಳಲು ಈ ನೆಲಕ್ಕೆ ತಿಳಿದಿದ್ದ ವ್ಯಾಕರಣವು ಇದೊಂದೇ ಆಗಿದ್ದಿತು; ಆ ವ್ಯಾಕರಣದಲ್ಲಿಯೇ ಅದು ಅವನ ಆಗಮನವನ್ನು ಹೇಳಿತು. ಆದರೆ ಕಥೆಯು ಬರಿಯ ಕಲ್ಪನೆಯೆಂದು ತಳ್ಳಿಬಿಡುವಂತೆಯೂ ಇಲ್ಲ. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಹದಿನೇಳನೆಯ ಶತಮಾನದ ನಡುವಿನಲ್ಲಿ ಮೈಸೂರು ಸೀಮೆಗೆ ಬಂದು, ಕನ್ನಡವನ್ನು ಕಲಿತು ಧರ್ಮಬೋಧೆ ಮಾಡಿದಂದಿನಿಂದ ಇಲ್ಲಿ ಸಣ್ಣ ಸಣ್ಣ ಕ್ರೈಸ್ತ ಒಕ್ಕಲುಗಳು ಬೆಳೆದಿದ್ದವು. ಟಿಪ್ಪುವಿನ ಕಾಲದ ಯುದ್ಧಗಳ ಕ್ಷೋಭೆಯಲ್ಲಿ ಅವು ಚದುರಿದವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಆ ಚದುರಿದವರನ್ನು ಕೂಡಿಸಲೆಂದು ಬಂದ ಫ್ರೆಂಚ್ ಗುರು ಅಬೆ ದುಬುವಾ ಅವರು, ಹಾಸನದ ಬಳಿಯ ಸಾತಹಳ್ಳಿಯಲ್ಲಿ ನಿರ್ಗತಿಕರಿಗಾಗಿ ಒಕ್ಕಲು ನೆಲೆಯನ್ನು ಸ್ಥಾಪಿಸಿ, ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕಾರ್ಯದಲ್ಲಿಯೂ ಶ್ರಮಿಸಿ, 1823ರಲ್ಲಿ ಸ್ವದೇಶಕ್ಕೆ ಮರಳಿದರು. ಹೀಗಿರಲು, ಓಡಿಹೋಗುವ ಮುನ್ನ ಯಾವನೋ ಒಬ್ಬ ಭಕ್ತನು ತನ್ನ ಮನೆಯ ವಿಗ್ರಹವನ್ನು ಹೊಲದಲ್ಲಿ ಹೂತು ಹೋಗಿರಬಹುದಲ್ಲವೆ? ಇದು ನನ್ನ ಊಹೆ ಮಾತ್ರ. ಇದಕ್ಕೆ ಕಾಗದದ ಸಾಕ್ಷ್ಯವನ್ನು ಯಾರೂ ಕೇಳಬಾರದು.

ಹಾದಿ ತಪ್ಪಿ ಬಂದು ಸೇರಬೇಕಾದಲ್ಲಿಗೆ ಸೇರುವುದು ಅಂತೋಣಿಯವರ ಜೀವನಕ್ಕೂ ಹೊಸದಲ್ಲ. 1195ರಲ್ಲಿ ಲಿಸ್ಬನ್ ನಗರದ ಸಿರಿವಂತ ಮನೆತನದಲ್ಲಿ ಹುಟ್ಟಿದ ಫೆರ್ನಾಂಡೊ, ತಾರುಣ್ಯದಲ್ಲಿಯೇ ಸಂತ ಅಗಸ್ಟೀನರ ನಿಯಮವನ್ನನುಸರಿಸುವ ಮಠವನ್ನು ಸೇರಿ, ಕೊಯಿಂಬ್ರದಲ್ಲಿ ಶಾಸ್ತ್ರಾಧ್ಯಯನದಲ್ಲಿ ಮುಳುಗಿದ್ದನು. ಮೊರಾಕ್ಕೊ ದೇಶದಲ್ಲಿ ಹುತಾತ್ಮರಾದ ಐವರು ಫ್ರಾನ್ಸಿಸ್ಕನ್ ಸಹೋದರರ ಅವಶೇಷಗಳು 1220ರಲ್ಲಿ ಅಲ್ಲಿಗೆ ಬಂದಾಗ, ತಾನೂ ಅದೇ ಮರಣವನ್ನು ಪಡೆಯಬೇಕೆಂದು ಹಂಬಲಿಸಿ, ಆ ಬಡ ಸಭೆಯನ್ನು ಸೇರಿ, ಅಂತೋಣಿಯೆಂಬ ಹೆಸರನ್ನು ತಳೆದು ಮೊರಾಕ್ಕೊಗೆ ಹೊರಟನು. ಅಲ್ಲಿ ಕಾದಿದ್ದುದು ಹುತಾತ್ಮ ಪದವಿಯಲ್ಲ, ಹಾಸಿಗೆ ಹಿಡಿಸಿದ ಕಾಯಿಲೆ. ಮರಳುವಾಗ ಬಿರುಗಾಳಿಯು ಹಡಗನ್ನು ಸಿಸಿಲಿಯ ದಡಕ್ಕೆ ನೂಕಿತು. ಬಯಸಿದ ದೇಶವೂ ಇಲ್ಲ, ಬಿಟ್ಟುಬಂದ ದೇಶವೂ ಇಲ್ಲ. 1221ರಲ್ಲಿ ಅಸ್ಸಿಸಿಯಲ್ಲಿ ಸಂತ ಫ್ರಾನ್ಸಿಸರ ಸಮ್ಮುಖದಲ್ಲಿ ನೆರೆದ ಮಹಾಸಭೆಯು ಮುಗಿದು ಎಲ್ಲರೂ ತಮ್ಮ ತಮ್ಮ ಮಠಗಳಿಗೆ ಹೊರಟರೂ, ಈ ರೋಗಿಷ್ಠ ಪರದೇಶಿಯನ್ನು ಬೇಕೆಂದವರಿಲ್ಲ. ಕಡೆಗೆ ಮೊಂತೆಪಾವೊಲೊ ಎಂಬ ಏಕಾಂತ ಆಶ್ರಮದಲ್ಲಿ ಬಲಿಪೂಜೆ ಅರ್ಪಿಸಲೂ, ಅಡುಗೆಮನೆಯ ಪಾತ್ರೆ ತೊಳೆಯಲೂ ಅವರಿಗೆ ಎಡೆ ದೊರೆಯಿತು.

ಅನಂತರದ ಘಟನೆಯು ನನಗೆ ಅವರ ಪವಾಡಗಳೆಲ್ಲಕ್ಕಿಂತ ಪ್ರಿಯವಾದುದು. 1222ರಲ್ಲಿ ಫೋರ್ಲಿ ಎಂಬಲ್ಲಿ ಯಾಜಕ ದೀಕ್ಷೆಯ ಸಮಾರಂಭ. ಪ್ರಸಂಗ ಮಾಡುವವರು ಯಾರೆಂದು ಮುಂಚಿತವಾಗಿ ಗೊತ್ತು ಮಾಡಿರಲಿಲ್ಲ. ಸಿದ್ಧತೆಯಿಲ್ಲದೆ ಮಾತನಾಡಲು ಪಂಡಿತರೆಲ್ಲರೂ ಹಿಂದೆಗೆದರು. ಮೇಲಧಿಕಾರಿಯು, ಬಹುಶಃ ಬೇರೆ ದಾರಿ ಕಾಣದೆ, ಮೂಲೆಯಲ್ಲಿದ್ದ ಅಂತೋಣಿಯವರಿಗೆ ತೋಚಿದುದನ್ನು ಆಡೆಂದು ಆಜ್ಞಾಪಿಸಿದನು. ಮೊದಲು ಅಳುಕುತ್ತ, ಬಳಿಕ ನೆರೆಯೇರಿದ ಕಾವೇರಿಯಂತೆ ಹರಿದ ಆ ವಾಣಿಯನ್ನು ಕೇಳಿದವರು ಬೆರಗಾದರು. ತನ್ನ ವಿದ್ವತ್ತಿನ ಸುಳಿವನ್ನು ಅಷ್ಟು ಕಾಲ ಯಾರಿಗೂ ಕೊಡದಿದ್ದ ಮೌನವು ಆ ವಾಗ್ಮಿತೆಗಿಂತ ದೊಡ್ಡದೆಂದು ನಾನು ತಿಳಿದಿದ್ದೇನೆ. ಗ್ರಂಥಪಾಂಡಿತ್ಯವನ್ನು ಕುರಿತು ಶಂಕಿತರಾಗಿದ್ದ ಫ್ರಾನ್ಸಿಸರೇ ಅವರಿಗೆ ಸಹೋದರರಿಗೆ ದೇವಶಾಸ್ತ್ರವನ್ನು ಬೋಧಿಸುವ ಅನುಮತಿಯನ್ನಿತ್ತರು.

ಉಳಿದ ಒಂಬತ್ತು ವರ್ಷಗಳು ಇಟಲಿ ಮತ್ತು ದಕ್ಷಿಣ ಫ್ರಾನ್ಸಿನ ಬೀದಿಗಳಲ್ಲಿ ಕಳೆದವು. ಪ್ರಾರ್ಥನಾ ಪುಸ್ತಕವನ್ನು ಕದ್ದೊಯ್ದ ಹೊಸ ಶಿಷ್ಯನು ಪಶ್ಚಾತ್ತಾಪದಿಂದ ಹಿಂದಿರುಗಿಸಿದನೆಂಬ ಐತಿಹ್ಯದಿಂದ, ಕಳೆದುಹೋದ ವಸ್ತುಗಳಿಗೆ ಅವರು ಒಡೆಯರಾದರು. ಆದರೆ ಬೇಸಾಯದ ಸಾಲವನ್ನು ಬಲ್ಲ ನಮ್ಮ ಸೀಮೆಯವರು ನೆನೆಯಬೇಕಾದ ಇನ್ನೊಂದು ಸಂಗತಿಯುಂಟು: 1231ರ ಮಾರ್ಚಿನಲ್ಲಿ ಪಾದುವ ನಗರವು, ಅವರ ಕೋರಿಕೆಯ ಮೇರೆಗೆ, ತನ್ನ ಸ್ವತ್ತನ್ನೆಲ್ಲ ಒಪ್ಪಿಸಿದ ಸಾಲಗಾರನನ್ನು ಸೆರೆಯಲ್ಲಿಡಕೂಡದೆಂದು ಶಾಸನವನ್ನು ಮಾಡಿತು. ಅದೇ ವರ್ಷದ ಜೂನ್ 13ರಂದು, ಸುಮಾರು ಮೂವತ್ತೈದರ ಹರೆಯದಲ್ಲಿ, ಪಾದುವದ ಹೊರಗಿನ ಅರ್ಚೆಲ್ಲದಲ್ಲಿ ಅವರು ದೇಹವನ್ನು ಬಿಟ್ಟರು. ವರ್ಷ ತುಂಬುವ ಮೊದಲೇ, 1232ರ ಮೇ 30ರಂದು, ಒಂಬತ್ತನೆಯ ಗ್ರೆಗೊರಿ ಜಗದ್ಗುರುಗಳು ಅವರನ್ನು ಸಂತರೆಂದು ಸಾರಿದರು. 1946ರಲ್ಲಿ ಅವರಿಗೆ ಧರ್ಮಸಭೆಯ ಪಂಡಿತರೆಂಬ ಬಿರುದು ಸಂದಿತು.

ದೋರನಹಳ್ಳಿಗೆ ಬರುವವರಿಗೆ ಈ ಬಿರುದಿನಿಂದ ಆಗಬೇಕಾದುದೇನೂ ಇಲ್ಲ. ಸಂತರನ್ನು ಮಣ್ಣು ಮಾಡಿದ ದಿನವು ಮಂಗಳವಾರವಾದ್ದರಿಂದ ಆ ವಾರವು ಲೋಕದೆಲ್ಲೆಡೆ ಅವರದಾಯಿತು. ಶಕ್ತಿದೇವತೆಗಳಿಗೆ ಮಂಗಳವಾರವನ್ನು ಮೀಸಲಿಟ್ಟ ನಮ್ಮ ಹಳ್ಳಿಗಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹರಕೆ, ಮುಡಿ, ಮೇಣದ ಬತ್ತಿ, ತೇರು—ಯಾವುದು ಎಲ್ಲಿಯದೆಂದು ಬೇರ್ಪಡಿಸಹೋದರೆ ಭಕ್ತಿಯೇ ಹರಿದುಹೋದೀತು. ಜೂನ್ 13ರ ಹಬ್ಬವಂತೂ ಮುಂಗಾರಿನ ಬಿತ್ತನೆಯ ಹದದಲ್ಲಿಯೇ ಬರುತ್ತದೆ. ಕ್ರೈಸ್ತರೆಷ್ಟೋ ಹಿಂದೂಗಳೂ ಅಷ್ಟೇ ಸಲುಗೆಯಿಂದ ಕಾಲಿಗೆ ಕೆಸರು ಮೆತ್ತಿಕೊಂಡು ಬರುತ್ತಾರೆ. 2019ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳ ಕಾಲದಲ್ಲಿ ಈ ದೇವಾಲಯವು ಕಿರಿಯ ಬೆಸಿಲಿಕವೆಂಬ ಗೌರವಕ್ಕೆ ಪಾತ್ರವಾಯಿತು. ಮೈಸೂರು ಧರ್ಮಪ್ರಾಂತ್ಯಕ್ಕೆ ಅದು ಹೆಮ್ಮೆಯ ದಿನ.

ಕಥೆಯ ಆ ರೈತನು ವಿಗ್ರಹವನ್ನು ಮಕ್ಕಳಿಗೆ ಕೊಟ್ಟುದು ಅಪರಾಧವೆಂದು ನಾವು ಹೇಳುತ್ತ ಬಂದಿದ್ದೇವೆ. ಆದರೆ ಅಂತೋಣಿಯವರ ಪ್ರತಿಮೆಗಳನ್ನು ಎಲ್ಲಿಯೇ ನೋಡಲಿ, ಸಾಮಾನ್ಯವಾಗಿ ತೋಳಿನಲ್ಲಿ ಶಿಶು ಯೇಸುವಿರುತ್ತಾನೆ. ಏಕಾಂತದಲ್ಲಿ ದೇವರು ಅವರಿಗೆ ಕೂಸಾಗಿ ಬಂದು ಆಡಿದನೆಂಬುದು ಪ್ರತೀತಿ. ಹರಕೆಯ ಮುಡಿ ಕೊಟ್ಟು, ಬೋಳುತಲೆಗೆ ಗಂಧ ಹಚ್ಚಿಸಿಕೊಂಡ ಮಗುವೊಂದನ್ನು ತಾಯಿ ಪೀಠದ ಮುಂದೆ ಎತ್ತಿ ಹಿಡಿಯುತ್ತಾಳೆ. ಕೈ ಮುಗಿ ಎಂದು ಅವಳು ಎಷ್ಟು ಹೇಳಿದರೂ ಕೇಳದೆ, ಅದು ಆ ಇನ್ನೊಂದು ಮಗುವನ್ನು ಮುಟ್ಟಲೆಂದು ಕೈಚಾಚುತ್ತದೆ.