ದಕ್ಷಿಣ ಧ್ರುವದ ಹಾದಿಯಲ್ಲಿ ಒಂದು ಅವಸರ

1911ರ ಆಗಸ್ಟ್ 24ರಂದು ಅಂಟಾರ್ಕ್ಟಿಕದ ತಿಮಿಂಗಿಲ ಕೊಲ್ಲಿಯಲ್ಲಿ ಸೂರ್ಯ ಮತ್ತೆ ಮುಖ ತೋರಿಸಿದ. ಅಲ್ಲಿ 'ಫ್ರಾಮ್‌ಹೈಮ್' ಎಂಬ ಮರದ ಮನೆಯಲ್ಲಿ ನಾಲ್ಕು ತಿಂಗಳ ಕತ್ತಲೆ ಕಳೆದಿದ್ದ ಒಂಬತ್ತು ಮಂದಿ ನಾರ್ವೆಯವರು ಈ ದಿನಕ್ಕಾಗಿಯೇ ಕಾದಿದ್ದರು. ಅವರ ನಾಯಕ ರೋಆಲ್ಡ್ ಅಮುಂಡ್ಸೆನ್‌ಗಂತೂ ಒಂದೊಂದು ದಿನವೂ ಭಾರವಾಗಿತ್ತು. ಅದೇ ಹಿಮಖಂಡದ ಇನ್ನೊಂದು ಅಂಚಿನಲ್ಲಿ ಬ್ರಿಟನ್ನಿನ ಕ್ಯಾಪ್ಟನ್ ಸ್ಕಾಟ್ ಮೋಟಾರು ಬಂಡಿಗಳನ್ನು ಇಟ್ಟುಕೊಂಡು ಕುಳಿತಿದ್ದ. ಆ ಯಂತ್ರಗಳು ತನಗಿಂತ ಮೊದಲೇ ದಕ್ಷಿಣ ಧ್ರುವ ಮುಟ್ಟಿಬಿಟ್ಟರೆ?

ಅಮುಂಡ್ಸೆನ್ ನಂಬಿದ್ದು ಎರಡನ್ನು: ಸ್ಕೀ ಮತ್ತು ನಾಯಿ. ಸ್ಕೀ ಎಂದರೆ ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಉದ್ದನೆಯ ಮರದ ಪಟ್ಟಿ. ನಾರ್ವೆಯವರಿಗೆ ಅದು ಬಾಲ್ಯದಿಂದಲೇ ಬಂದ ವಿದ್ಯೆ. ನಾಯಿಯ ವಿದ್ಯೆ ಮಾತ್ರ ಕಲಿತದ್ದು. 1903ರಿಂದ 1905ರವರೆಗೆ ಕೆನಡಾದ ಉತ್ತರದ ದ್ವೀಪವೊಂದರಲ್ಲಿ ತಂಗಿದ್ದಾಗ ನೆಟ್ಸಿಲಿಕ್ ಜನರಿಂದ ಚರ್ಮದ ಉಡುಪು ಧರಿಸುವುದನ್ನೂ ನಾಯಿಬಂಡಿ ಓಡಿಸುವುದನ್ನೂ ಅವನು ಕಲಿತಿದ್ದ. ಶಾಲೆಯ ಮೆಟ್ಟಿಲು ಹತ್ತದ ಆ ಜನರನ್ನು ಗುರುಗಳೆಂದು ಒಪ್ಪಿಕೊಂಡದ್ದು ಅವನ ದೊಡ್ಡತನ. ಆ ಕಾಲದ ಯೂರೋಪಿನವರಲ್ಲಿ ಈ ಗುಣ ಅಪರೂಪವಾಗಿತ್ತು.

ಚಳಿಗಾಲಕ್ಕೆ ಮೊದಲೇ ಹಾದಿಯ ತಯಾರಿ ನಡೆದಿತ್ತು. ಅಕ್ಷಾಂಶ 80, 81 ಮತ್ತು 82 ಡಿಗ್ರಿಗಳಲ್ಲಿ ಸುಮಾರು ಮೂರು ಟನ್ ಆಹಾರ, ಇಂಧನಗಳನ್ನು ಹಿಮದಲ್ಲಿ ಹೂತಿಟ್ಟು ಬಂದಿದ್ದರು. ಆದರೆ ಗಿಡವಿಲ್ಲದ, ಗುಡ್ಡವಿಲ್ಲದ ಆ ಬಿಳಿಯ ಬಯಲಿನಲ್ಲಿ ಹೂತಿಟ್ಟದ್ದನ್ನು ಮತ್ತೆ ಹುಡುಕುವುದು ಹೇಗೆ? ಮಂಜು ಕವಿದರೆ ಹತ್ತು ಮಾರು ದೂರದ ಬಾವುಟವೂ ಕಾಣದು. ಅದಕ್ಕಾಗಿ 80 ಡಿಗ್ರಿಯ ದಾಸ್ತಾನಿನ ಎಡಕ್ಕೆ ಹತ್ತು, ಬಲಕ್ಕೆ ಹತ್ತು ಬಾವುಟಗಳನ್ನು ಸುಮಾರು 900 ಮೀಟರಿಗೊಂದರಂತೆ ಹಾದಿಗೆ ಅಡ್ಡಲಾಗಿ ನೆಟ್ಟರು. ಪ್ರತಿ ಬಾವುಟಕ್ಕೂ ಗುರುತಿನ ಸಂಖ್ಯೆ. ಒಂಬತ್ತು ಕಿಲೋಮೀಟರ್ ದಾರಿ ತಪ್ಪಿ ಬಂದವನಿಗೂ ದಾಸ್ತಾನು ಯಾವ ಕಡೆಗಿದೆಯೆಂದು ತಿಳಿಯುತ್ತಿತ್ತು. ಮೊದಲ ಪಯಣದಲ್ಲಿ ಬಾವುಟ ಸಾಲದೆ ಬಂದಾಗ ಒಣಮೀನನ್ನೇ ಹಿಮದಲ್ಲಿ ಸಿಕ್ಕಿಸಿ ಗುರುತು ಮಾಡಿದ್ದೂ ಉಂಟು.

ಇಷ್ಟೆಲ್ಲ ಮುಂದಾಲೋಚನೆಯಿದ್ದವನು ಕೊನೆಗೆ ಎಡವಿದ್ದು ತಾಳ್ಮೆಯಲ್ಲಿ. ಋತು ಇನ್ನೂ ತಿರುಗಿಲ್ಲ, ಕಾಯೋಣ ಎಂದು ಎಚ್ಚರಿಸಿದವನು ಯಾಲ್ಮರ್ ಯೋಹಾನ್ಸೆನ್. ಸಾಮಾನ್ಯನಲ್ಲ ಅವನು, 1895ರಲ್ಲಿ ನಾನ್ಸೆನ್ ಜೊತೆ ಸ್ಕೀ ಮತ್ತು ನಾಯಿಗಳ ಬಲದಿಂದಲೇ ಉತ್ತರದಲ್ಲಿ 86 ಡಿಗ್ರಿ 14 ನಿಮಿಷದವರೆಗೆ ಹೋಗಿ ಬದುಕಿ ಬಂದವನು. ಹಿಮದ ಅನುಭವದಲ್ಲಿ ನಾಯಕನಿಗೇ ಹಿರಿಯ. ಆದರೂ ಸೆಪ್ಟೆಂಬರ್ 8ರಂದು ಅಡುಗೆಯವನೊಬ್ಬನನ್ನು ಬಿಟ್ಟು ಉಳಿದ ಎಂಟೂ ಮಂದಿ ಹೊರಟರು.

ಚಳಿಗಾಲವೆಲ್ಲ ಸುಮ್ಮನಿದ್ದ ನಾಯಿಗಳು ಹುರುಪಿನಿಂದ ಓಡಿದವು. ಮೊದಲ ದಿನಗಳು ಸೊಗಸಾಗಿಯೇ ಕಳೆದವು. ಆಮೇಲೆ ಶೀತ ಶೂನ್ಯಕ್ಕಿಂತ 55 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯಿತು. ದಿಕ್ಸೂಚಿಯೊಳಗಿನ ದ್ರವ ಹೆಪ್ಪುಗಟ್ಟಿತು. ನಾಯಿಗಳ ಪಾದ ಬಿರಿದವು. ಕೆಲವು ಮಲಗಿದಲ್ಲಿಯೇ ಸೆಟೆದು ಸತ್ತವು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಹಿಮಖಂಡದಲ್ಲೂ ಸುಳ್ಳಾಗಲಿಲ್ಲ. 80 ಡಿಗ್ರಿಯಲ್ಲಿ ಸರಕು ಇಳಿಸಿ ತಂಡ ಹಿಂದೆ ತಿರುಗಿತು.

ಸೆಪ್ಟೆಂಬರ್ 16ರಂದು ನಡೆದದ್ದು ಅಮುಂಡ್ಸೆನ್‌ಗೆ ಶೋಭೆ ತರುವಂಥದಲ್ಲ. ಮನೆಗೆ ಇನ್ನೂ ಸುಮಾರು 75 ಕಿಲೋಮೀಟರ್ ಇರುವಾಗ ಒಳ್ಳೆಯ ನಾಯಿಗಳಿದ್ದವರು ಮುಂದೆ ಓಡಿಬಿಟ್ಟರು. ಅವರಲ್ಲಿ ನಾಯಕನೂ ಒಬ್ಬ. ಹಿಂದೆ ಉಳಿದವನು ತರುಣ ಪ್ರೆಸ್ಟ್ರುಡ್. ಹಿಮ್ಮಡಿ ಶೀತಕ್ಕೆ ಸಿಕ್ಕಿ ಮರಗಟ್ಟಿತ್ತು, ನಾಯಿಗಳು ಸೋತಿದ್ದವು. ಅವನಿಗಾಗಿ ಕಾದು ನಿಂತವನು ಯೋಹಾನ್ಸೆನ್. ಊಟವಿಲ್ಲ, ಒಲೆ ಉರಿಸಲು ಎಣ್ಣೆಯಿಲ್ಲ. ಇಬ್ಬರೂ ಮನೆ ಸೇರುವಾಗ ನಡುರಾತ್ರಿ ಮೀರಿತ್ತು.

ಮರುದಿನ ಬೆಳಿಗ್ಗೆ ಎಲ್ಲರೆದುರು ಯೋಹಾನ್ಸೆನ್ ನಾಯಕನನ್ನು ನೇರವಾಗಿ ತರಾಟೆಗೆ ತೆಗೆದುಕೊಂಡ. ಮಾತು ನಿಜವಾಗಿತ್ತು, ನಿಜವಾದದ್ದರಿಂದಲೇ ಸಹಿಸಲಾಗಲಿಲ್ಲ. ಅಮುಂಡ್ಸೆನ್ ಅವನನ್ನು ಧ್ರುವದ ತಂಡದಿಂದ ತೆಗೆದುಹಾಕಿ, ಪೂರ್ವದ ಏಳನೆಯ ಎಡ್ವರ್ಡ್ ದೊರೆಯ ನಾಡಿನ ಅನ್ವೇಷಣೆಗೆ ಕಳಿಸಿದ. ಅಲ್ಲಿ ಅವನ ಮೇಲೆ ನಾಯಕನಾಗಿ ನೇಮಕವಾದವನು ಅವನೇ ಉಳಿಸಿ ತಂದ ಪ್ರೆಸ್ಟ್ರುಡ್!

ಎರಡನೆಯ ಸಲ ಹೊರಟದ್ದು ಅಕ್ಟೋಬರಿನ ಮೂರನೆಯ ವಾರದಲ್ಲಿ, ಐದು ಮಂದಿ, ನಾಲ್ಕು ಬಂಡಿ, 52 ನಾಯಿಗಳೊಡನೆ. ಈಗ ಹಿಮ ಹದವಾಗಿತ್ತು. 80 ಡಿಗ್ರಿಯಿಂದ ಮುಂದಕ್ಕೆ ಅಮುಂಡ್ಸೆನ್ ಬಂಡಿಗೆ ಹಗ್ಗ ಕಟ್ಟಿ, ಅದನ್ನು ಹಿಡಿದು ಸ್ಕೀ ಮೇಲೆ ನಿಂತ. ನಾಯಿಗಳು ಎಳೆದವು, ಅವನು ಜಾರಿದ. ಹೀಗೆ ಸುಮಾರು 550 ಕಿಲೋಮೀಟರ್ ಸವಾರಿ! ಆದರೆ ನಾಯಿಗಳಿಗೊಂದು ಸ್ವಭಾವವಿದೆ. ಎದುರಿಗೆ ಏನೂ ಕಾಣದ ಶೂನ್ಯದೊಳಕ್ಕೆ ಅವು ನೇರವಾಗಿ ಓಡಲಾರವು. ಮುಂದೆ ಯಾರಾದರೂ ಹೋಗುತ್ತಿದ್ದರೆ ಬೆನ್ನು ಹತ್ತುತ್ತವೆ. ಸ್ಕೀ ಪಂದ್ಯಗಳಲ್ಲಿ ಹೆಸರು ಮಾಡಿದ್ದ ಓಲಾವ್ ಬ್ಯೋಲಾಂಡ್ ಆ ಕೆಲಸಕ್ಕೆ ಹೇಳಿಮಾಡಿಸಿದಂತಿದ್ದ. ಹಿಂದಿರುಗುವಾಗ ದಾರಿ ತಪ್ಪದಿರಲೆಂದು ಆಳೆತ್ತರದ 150 ಹಿಮಸ್ತಂಭಗಳನ್ನು ಕಟ್ಟುತ್ತ ಹೋದರು. ಒಂದೊಂದರಲ್ಲೂ ಹಿಂದಿನ ಸ್ತಂಭದ ದಿಕ್ಕು, ದೂರ ಬರೆದ ಚೀಟಿ.

1911ರ ಡಿಸೆಂಬರ್ 14ರಂದು ಧ್ರುವ ದಕ್ಕಿತು. ಸ್ಕಾಟ್ ತಲುಪಿದ್ದು ಒಂದು ತಿಂಗಳ ನಂತರ. ಅವನೂ ಅವನ ನಾಲ್ವರು ಸಂಗಾತಿಗಳೂ ಮರಳುವ ದಾರಿಯಲ್ಲಿ ಸತ್ತರು. ಅಮುಂಡ್ಸೆನ್‌ನ ಗೆಲುವಿಗೂ ಬೆಲೆಯಿತ್ತು. ಹಿಮನದಿ ಹತ್ತಿ ಪ್ರಸ್ಥಭೂಮಿ ಸೇರಿದ ಮೇಲೆ, ಅಲ್ಲಿಯವರೆಗೆ ಎಳೆದು ತಂದ 24 ನಾಯಿಗಳನ್ನು ಒಂದೇ ದಿನ ಗುಂಡಿಕ್ಕಿ ಕೊಂದು, ಉಳಿದವಕ್ಕೂ ತಮಗೂ ಆಹಾರ ಮಾಡಿಕೊಂಡರು. ಅದು ಹೊರಡುವ ಮೊದಲೇ ಹಾಕಿದ್ದ ಲೆಕ್ಕ. ಲೆಕ್ಕ ಸರಿಯಿತ್ತೆಂದು ಒಪ್ಪಬಹುದು, ಮೆಚ್ಚುವುದು ಕಷ್ಟ. 99 ದಿನಗಳ ಪಯಣ ಮುಗಿಸಿ 1912ರ ಜನವರಿ 25ರಂದು ಫ್ರಾಮ್‌ಹೈಮ್‌ಗೆ ಮರಳಿದ್ದು ಐವರು ಮನುಷ್ಯರು, 11 ನಾಯಿಗಳು.

ಯೋಹಾನ್ಸೆನ್ ನಾರ್ವೆಯ ವಿಜಯೋತ್ಸವದಲ್ಲಿ ಇರಲಿಲ್ಲ. ಕುಡಿತಕ್ಕೂ ಖಿನ್ನತೆಗೂ ಸಿಕ್ಕಿದ ಅವನು 1913ರ ಜನವರಿಯಲ್ಲಿ ಗುಂಡು ಹಾರಿಸಿಕೊಂಡು ಸತ್ತ. ಸೆಪ್ಟೆಂಬರಿನ ಆ ಜಗಳಕ್ಕೆ ಅಮುಂಡ್ಸೆನ್ ಬರೆದ ಪುಸ್ತಕದಲ್ಲಿ ಜಾಗ ಸಿಗಲಿಲ್ಲ; ತಂಡ ಒಡೆದದ್ದಕ್ಕೆ ಅನ್ವೇಷಣೆಯ ಅಗತ್ಯವನ್ನೇ ಅಲ್ಲಿ ಮುಂದೆ ಮಾಡಲಾಗಿದೆ. ನಾಯಿಗಳು ಮಾತ್ರ ಅಂಟಾರ್ಕ್ಟಿಕದಲ್ಲಿ ಇನ್ನೂ ಎಂಟು ದಶಕ ಬಂಡಿ ಎಳೆದವು. ಅವುಗಳಿಂದ ಸೀಲ್‌ಗಳಿಗೆ ರೋಗ ತಗಲೀತೆಂಬ ಭಯದಿಂದ, 1991ರ ಪರಿಸರ ಒಪ್ಪಂದದಂತೆ, 1994ರ ಏಪ್ರಿಲ್ ಒಂದರೊಳಗೆ ಎಲ್ಲ ನಾಯಿಗಳನ್ನೂ ಅಲ್ಲಿಂದ ಸಾಗಿಸಬೇಕಾಯಿತು.