ಜಾಣ ಕುರುಡಿನ ಸಂತೆ

ಟೋಕಿಯೊ ಕೊಲ್ಲಿಯ ದಂಡೆಯಲ್ಲಿರುವ ಅರಿಯಾಕೆಯಲ್ಲಿ ಬಿಗ್ ಸೈಟ್ ಎಂಬ ಭಾರಿ ಪ್ರದರ್ಶನ ಭವನವಿದೆ. ವರ್ಷಕ್ಕೆರಡು ಸಲ, ಆಗಸ್ಟಿನ ಧಗೆಯಲ್ಲೊಮ್ಮೆ ಡಿಸೆಂಬರಿನ ಚಳಿಯಲ್ಲೊಮ್ಮೆ, ಅಲ್ಲಿ ‘ಕಾಮಿಕ್ ಮಾರ್ಕೆಟ್’ ನೆರೆಯುತ್ತದೆ. ಬಾಯಿಮಾತಿನಲ್ಲಿ ಅದು ಕಾಮಿಕೆಟ್. 2019ರ ಡಿಸೆಂಬರಿನಲ್ಲಿ ನಾಲ್ಕು ದಿನಕ್ಕೆ ಬಂದವರ ಲೆಕ್ಕ ಸುಮಾರು 7.5 ಲಕ್ಷ. ಅಭಿಮಾನಿಗಳು ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸಿದ ತೆಳ್ಳನೆಯ ಪುಸ್ತಕಗಳು, ಅಂದರೆ ದೊಜಿನ್ಶಿಗಳು, ಇಲ್ಲಿನ ಮುಖ್ಯ ಸರಕು. ಅನಿಮೆ ಎಂಬ ಜಪಾನಿ ಅನಿಮೇಷನ್ ಧಾರಾವಾಹಿಯ ಕೊನೆಯ ಕಂತಿನಲ್ಲಿ ಸತ್ತುಹೋದ ನಾಯಕ ಈ ಪುಸ್ತಕಗಳಲ್ಲಿ ಎದ್ದು ಕೂತು ಊಟ ಮಾಡುತ್ತಾನೆ. ಟಿವಿಯಲ್ಲಿ ಹಲ್ಲು ಮಸೆಯುತ್ತಿದ್ದ ವೈರಿಗಳು ಇಲ್ಲಿ ಒಂದೇ ಕೊಡೆಯಡಿ ನಡೆಯುತ್ತಾರೆ. ಆ ಪಾತ್ರಗಳಿಗೆಲ್ಲ ಯಜಮಾನರಿದ್ದಾರೆ, ಯಜಮಾನರಿಗೆ ವಕೀಲರಿದ್ದಾರೆ. ಅವರಿಗೆ ಈ ಸಂಗತಿ ಗೊತ್ತಿಲ್ಲ ಎನ್ನುವಂತೆಯೂ ಇಲ್ಲ, ಪ್ರಕಾಶನ ಸಂಸ್ಥೆಗಳ ಸಂಪಾದಕರೇ ಹೊಸ ಕೈಗಳನ್ನು ಹುಡುಕುತ್ತ ಇಂಥ ಸಂತೆಗಳಲ್ಲಿ ಅಡ್ಡಾಡುವುದುಂಟು. ಆದರೂ ಪೊಲೀಸರು ಬರುವುದಿಲ್ಲ. ಇದಕ್ಕೆ ಎರಡು ಸಿದ್ಧ ಉತ್ತರಗಳು ಚಲಾವಣೆಯಲ್ಲಿವೆ: ಜಪಾನಿನ ಕಾನೂನು ಸಡಿಲ, ಇಲ್ಲವೇ ಜಪಾನೀಯರ ಸ್ವಭಾವ ಮೃದು. ಎರಡೂ ನಿಲ್ಲುವುದಿಲ್ಲ. ಅಲ್ಲಿನ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಮೆರಿಕದಲ್ಲಿರುವಂಥ ವಿಶಾಲವಾದ ‘ನ್ಯಾಯಯುತ ಬಳಕೆ’ಯ ವಿನಾಯಿತಿಯೇ ಇಲ್ಲ; ಸ್ವಭಾವದ ಮಾತಿಗೆ ಮುಂದೆ ಬರುವ ಪ್ರಕರಣಗಳೇ ಉತ್ತರ. ಅಲ್ಲಿ ಇರುವುದು ಜಾಣ ಕುರುಡು. ಅದನ್ನು ಯಾರೂ ದಾನ ಕೊಡಲಿಲ್ಲ, ಅಭಿಮಾನಿಗಳು ಐವತ್ತು ವರ್ಷ ತಮ್ಮ ಸಂತೆಯನ್ನು ನಡೆಸಿಕೊಂಡು ಬಂದ ರೀತಿಯಿಂದಲೇ ಸಂಪಾದಿಸಿಕೊಂಡರು ಎಂಬುದು ನನ್ನ ವಾದ.

ದೊಜಿನ್ಶಿಯ ವಂಶಾವಳಿ ಅನಿಮೆಗಿಂತ ಬಹಳ ಹಿಂದಿನದು. 1885ರಲ್ಲಿ ಸಾಹಿತಿ ಒಜಾಕಿ ಕೋಯೋ ಮತ್ತು ಗೆಳೆಯರು ‘ಗರಾಕುತ ಬುಂಕೊ’ ಪತ್ರಿಕೆ ಶುರುಮಾಡಿದಾಗ ಮೊದಲ ಸಂಚಿಕೆಗಳು ಕೈಬರಹದವು. ಒಬ್ಬರು ಓದಿ ಇನ್ನೊಬ್ಬರಿಗೆ ದಾಟಿಸಬೇಕಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಾಂಗಾ ಎಂಬ ಜಪಾನಿ ಚಿತ್ರಕತೆಗಳ ಹುಚ್ಚು ಹಿಡಿದ ಹುಡುಗರು ಅದೇ ಜಾಡು ಹಿಡಿದರು. ಮುಂದೆ ‘ಸೈಬಾರ್ಗ್ 009’ ಬರೆದು ಹೆಸರಾದ ಇಶಿನೊಮೊರಿ ಶೋತಾರೊ ಹದಿಹರೆಯದಲ್ಲಿ ನಡೆಸುತ್ತಿದ್ದ ‘ಬೊಕುಜು ಇತ್ತೆಕಿ’ಯಲ್ಲಿ ಮೂಲಚಿತ್ರಗಳನ್ನೇ ಹೊಲಿದು ಸದಸ್ಯರ ನಡುವೆ ಸುತ್ತಿಸುತ್ತಿದ್ದರು. 1967ರಲ್ಲಿ ಮಾಂಗಾಕಾರ ತೆಜುಕಾ ಒಸಾಮು ಬಳಗದಿಂದ ಬಂದ ‘ಕಾಮ್’ ಮಾಸಿಕ ಇಂಥ ಚದುರಿದ ಗುಂಪುಗಳಿಗೆ ಪುಟ ಕೊಟ್ಟು, ಒಂದನ್ನೊಂದು ಪರಿಚಯಿಸಿತು. 1970ರ ದಶಕದ ಆರಂಭದಲ್ಲಿ ಆ ಪತ್ರಿಕೆ ನಿಂತಾಗ ಗುಂಪುಗಳು ಉಳಿದವು, ಕೂಡುವ ಜಾಗ ಹೋಯಿತು. ಆಗ ಇದ್ದ ದೊಡ್ಡ ಅಭಿಮಾನಿ ಸಮ್ಮೇಳನ, ತನ್ನನ್ನು ಟೀಕಿಸಿದ ಒಬ್ಬರಿಗೆ ಪ್ರವೇಶ ಬೇಡವೆಂದಿತು. ‘ಮೇಕ್ಯೂ’ ಎಂಬ ವಿಮರ್ಶಕರ ಗುಂಪು ಇದರಿಂದ ಕೆರಳಿ, ಯಾರನ್ನೂ ಹೊರಗಿಡದ ಸಂತೆಯೊಂದು ಬೇಕೆಂದು ಹೊರಟಿತು. ಯೊನೆಜಾವಾ ಯೊಶಿಹಿರೊ, ಹರಾದಾ ತೆರುವೊ, ಅನಿವಾ ಜುನ್ ಅದರಲ್ಲಿದ್ದವರು. 1975ರ ಡಿಸೆಂಬರ್ 21ರಂದು ಟೋಕಿಯೊದ ತೊರನೊಮೊನ್‌ನಲ್ಲಿ, ಅಗ್ನಿಶಾಮಕ ಸಂಘದ ಕಟ್ಟಡದ ಒಂದು ಸಭಾಕೋಣೆಯಲ್ಲಿ ಮೊದಲ ಕಾಮಿಕೆಟ್ ನಡೆಯಿತು. 32 ಗುಂಪುಗಳು, ಸುಮಾರು 700 ಜನ. ಬಂದವರಲ್ಲಿ ಬಹುಪಾಲು ಶಾಲಾ ಹುಡುಗಿಯರು, ಹಾಗಿಯೊ ಮೊತೊ ಅವರಂಥ ಮಾಂಗಾಕಾರ್ತಿಯರನ್ನು ಆರಾಧಿಸುತ್ತಿದ್ದವರು. ಅನಿಮೆ ಹುಚ್ಚ ಎಂದರೆ ಕೋಣೆ ಬಾಗಿಲು ಹಾಕಿಕೊಂಡ ಕನ್ನಡಕದ ಗಂಡಸು ಎಂಬ ಚಿತ್ರ ಆಮೇಲೆ ಅಂಟಿಕೊಂಡದ್ದು. ಈ ಸಂತೆಗೆ ಅಡಿಪಾಯ ಹಾಕಿದ್ದು ಹುಡುಗಿಯರ ಜೇಬಿನ ಪುಡಿಗಾಸು.

ಸಂತೆಯ ಒಂದು ಮೇಜನ್ನು ಹತ್ತಿರದಿಂದ ನೋಡಬೇಕು. ಒಂದು ಗುಂಪಿಗೆ ಸಿಗುವುದು ಉದ್ದ ಮೇಜಿನ ಅರ್ಧ, ಅಂದರೆ 90 ಸೆಂಟಿಮೀಟರ್ ಅಗಲದ ಜಾಗ, ಜೊತೆಗೆ ಎರಡು ಮಡಿಸುವ ಕುರ್ಚಿ. ಬೆಳಿಗ್ಗೆ ಹೊಸ ಪುಸ್ತಕದ ಒಂದು ಮಾದರಿ ಪ್ರತಿಯನ್ನು ಸಂಘಟನಾ ಸಮಿತಿಗೆ ಒಪ್ಪಿಸಬೇಕು. ಸ್ವಯಂಸೇವಕರು ಪುಟ ತಿರುವಿ ನೋಡುತ್ತಾರೆ, ಅಶ್ಲೀಲತೆಯ ಕಾನೂನು ಮೀರಿದ್ದರೆ ಆ ಪುಸ್ತಕ ಮಾರುವಂತಿಲ್ಲ. ಕೊನೆಯ ಪುಟದಲ್ಲಿ ಹೊರತಂದವರ ಹೆಸರು, ತಾರೀಖು, ಸಂಪರ್ಕದ ವಿವರ ಇರಲೇಬೇಕು. ಕದ್ದುಮುಚ್ಚಿ ಮಾಡುವ ದಂಧೆಯಲ್ಲಿ ಯಾರೂ ತಮ್ಮ ವಿಳಾಸ ಅಚ್ಚು ಹಾಕುವುದಿಲ್ಲ ಎಂಬುದನ್ನು ಗಮನಿಸಬೇಕು. ಇಲ್ಲಿ ಗ್ರಾಹಕರೆಂಬವರೇ ಇಲ್ಲ, ಮಾರುವವರು, ಕೊಳ್ಳುವವರು, ಸಾಲು ನಿಲ್ಲಿಸುವವರು ಎಲ್ಲರೂ ‘ಭಾಗಿಗಳು’ ಎಂಬುದು ಸಂಘಟಕರ ಹಟ; ಬಾಗಿಲು ತೆರೆದ ಗಳಿಗೆಗೆ ಇಡೀ ಭವನ ಚಪ್ಪಾಳೆ ತಟ್ಟುತ್ತದೆ. ಹೊರಗಿನವರಿಗೆ ಇದು ಭಜನಾ ಮಂಡಳಿಯಂತೆ ಕಂಡೀತು. ಆದರೆ ಇದರ ಕೆಲಸ ಗಟ್ಟಿಯಾದದ್ದು: ನಾವು ವ್ಯಾಪಾರಿಗಳಲ್ಲ ಎಂಬ ಮಾತನ್ನು ಯಜಮಾನರಿಗೆ ಕಾಣುವಂತೆ, ವರ್ಷಕ್ಕೆರಡು ಸಲ, ಮಾಡಿ ತೋರಿಸುವುದು. 1980ರಿಂದ 2006ರಲ್ಲಿ ತೀರಿಕೊಳ್ಳುವವರೆಗೆ ಇದರ ಮುಖ್ಯಸ್ಥರಾಗಿದ್ದ ಯೊನೆಜಾವಾ ವೃತ್ತಿಯಿಂದ ಮಾಂಗಾ ವಿಮರ್ಶಕರು. ಅವರ ಸಂಗ್ರಹ ಈಗ ಮೇಜಿ ವಿಶ್ವವಿದ್ಯಾಲಯದ ಒಂದು ಗ್ರಂಥಾಲಯವಾಗಿದೆ.

ಯಜಮಾನರಿಗೆ ಇದರಿಂದ ಏನು ಸಿಕ್ಕಿತು? 1974ರಲ್ಲಿ ಟಿವಿಗೆ ಬಂದ ‘ಬಾಹ್ಯಾಕಾಶ ಯುದ್ಧನೌಕೆ ಯಮಾತೊ’ ನೋಡುಗರಿಲ್ಲದೆ ಸೊರಗಿ 26 ಕಂತಿಗೇ ಮುಗಿಯಿತು. ಮರುಪ್ರಸಾರದಲ್ಲಿ ಅಭಿಮಾನಿಗಳು ಹುಟ್ಟಿಕೊಂಡು, ಗುಂಪು ಕಟ್ಟಿ, ಪತ್ರಿಕೆ ಹೊರಡಿಸಿದರು. 1977ರ ಆಗಸ್ಟಿನಲ್ಲಿ ಅದು ಸಿನಿಮಾ ಆಗಿ ಬಂದಾಗ ಹಿಂದಿನ ರಾತ್ರಿಯಿಂದಲೇ ಟಿಕೆಟ್ಟಿಗೆ ಸಾಲು ನಿಂತಿತ್ತು. 1979ರ ‘ಗುಂಡಮ್’ ಕತೆಯೂ ಅದೇ: 52 ಕಂತಿನ ಯೋಜನೆ 43ಕ್ಕೆ ಮೊಟಕಾಯಿತು, ಅಭಿಮಾನಿಗಳ ಉಸಿರಿನಿಂದ ಬದುಕಿ 1981ರಲ್ಲಿ ತೆರೆಗೆ ಬಂತು. ಹಠಮಾರಿ ನೋಡುಗರು ಸೋತ ಧಾರಾವಾಹಿಯನ್ನು ಎತ್ತಿ ನಿಲ್ಲಿಸಿದ ಉದಾಹರಣೆ ಬೇರೆ ದೇಶಗಳಲ್ಲೂ ಸಿಗುತ್ತದೆ. ಗುಂಡಮ್‌ನಲ್ಲಿ ಅದಕ್ಕಿಂತ ಸ್ವಾರಸ್ಯದ್ದು ಇನ್ನೊಂದಿದೆ. 1981ರಲ್ಲಿ ‘ಔಟ್’ ಎಂಬ ಅನಿಮೆ ಮಾಸಿಕ ‘ಗುಂಡಮ್ ಸೆಂಚುರಿ’ ಎಂಬ ವಿಶೇಷ ಸಂಚಿಕೆ ತಂದಿತು. ಅದನ್ನು ಬರೆದ ಉತ್ಸಾಹಿಗಳು ಟಿವಿಯಲ್ಲಿ ಎಲ್ಲೂ ಉತ್ತರ ಹೇಳದ ಪ್ರಶ್ನೆಯೊಂದನ್ನು ಎತ್ತಿಕೊಂಡರು: ತೂಕವಿಲ್ಲದ ಬಾಹ್ಯಾಕಾಶದಲ್ಲಿ ಯುದ್ಧಯಂತ್ರಕ್ಕೆ ಕೈಕಾಲು ಯಾಕೆ? ಕೈಕಾಲು ಬೀಸಿದರೆ ಮೈ ತಿರುಗುತ್ತದೆ, ಇಂಧನ ಉಳಿಯುತ್ತದೆ ಎಂದು ತರ್ಕ ಹೂಡಿ ಅದಕ್ಕೆ ‘ಆಂಬ್ಯಾಕ್’ ಎಂದು ಹೆಸರಿಟ್ಟರು. ಆಟಿಕೆ ಮಾರಲೆಂದು ಮನುಷ್ಯಾಕಾರ ಕೊಟ್ಟ ಯಂತ್ರಕ್ಕೆ ಭೌತಶಾಸ್ತ್ರದ ಅಂಗಿ ತೊಡಿಸಿದ್ದು ಹೀಗೆ. ಆಮೇಲಿನ ಅಧಿಕೃತ ಗುಂಡಮ್ ಕತೆಗಳು ಇದನ್ನು ತಮ್ಮದೇ ಎಂಬಂತೆ ನುಂಗಿಕೊಂಡವು. ಅಭಿಮಾನಿಗಳ ಕಡೆಯಿಂದ ವೃತ್ತಿಗೆ ಜನ ಹರಿದುಬಂದದ್ದೂ ಹಾಗೆಯೇ. ಕನ್ಸಾಯ್ ಪ್ರಾಂತ್ಯದ ದೊಜಿನ್ಶಿ ಗುಂಪೊಂದು 1989ರಲ್ಲಿ ‘ಆರ್‌ಜಿ ವೇದ’ದೊಂದಿಗೆ ವೃತ್ತಿಗೆ ಇಳಿಯಿತು, ಅದೇ ಕ್ಲಾಂಪ್, ‘ಕಾರ್ಡ್‌ಕ್ಯಾಪ್ಟರ್ ಸಕುರಾ’ ಬರೆದ ಮಹಿಳೆಯರ ತಂಡ. ಫುಟ್‌ಬಾಲ್ ಹುಡುಗರ ಮುಗ್ಧ ಕತೆ ‘ಕ್ಯಾಪ್ಟನ್ ತ್ಸುಬಾಸಾ’ದ ಆಟಗಾರರನ್ನು ಪರಸ್ಪರ ಪ್ರೇಮಿಗಳನ್ನಾಗಿಸಿ ಬರೆಯುತ್ತಿದ್ದ ಹುಡುಗಿಯರಲ್ಲಿ ಒಬ್ಬರಾದ ಒಜಾಕಿ ಮಿನಾಮಿ ಮುಂದೆ ಹೆಸರಾಂತ ಮಾಂಗಾಕಾರ್ತಿಯಾದರು.

ಇಷ್ಟಾದರೂ ಕಳವು ಕಳವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಇದಕ್ಕೆ ನಮ್ಮಲ್ಲಿ ಥಟ್ಟನೆ ಬರುವ ಉತ್ತರ ಪಂಪ, ಕುಮಾರವ್ಯಾಸರದು: ವ್ಯಾಸರ ಪಾತ್ರಗಳನ್ನು ಅವರೂ ತಾನೇ ಮರಳಿ ಬರೆದದ್ದು? ಈ ಹೋಲಿಕೆ ಕೇಳಲು ಚೆಂದ, ವಾದಕ್ಕೆ ನಿಷ್ಪ್ರಯೋಜಕ. ಭಾರತದ ಕತೆಗೆ ರಾಯಧನ ಕೇಳುವ ಯಜಮಾನ ಇರಲಿಲ್ಲ. ಪಿಕಾಚು ಯಾರದೆಂದು ಎಲ್ಲರಿಗೂ ಗೊತ್ತು. 1999ರ ಜನವರಿಯಲ್ಲಿ ನಿಂಟೆಂಡೊ ಕೊಟ್ಟ ದೂರಿನ ಮೇಲೆ, ಪೋಕೆಮಾನ್ ಪಾತ್ರಗಳ ವಯಸ್ಕರ ದೊಜಿನ್ಶಿ ಮಾರಿದ ಮಹಿಳೆಯೊಬ್ಬರನ್ನು ಪೊಲೀಸರು ಬಂಧಿಸಿಯೇ ಬಂಧಿಸಿದರು. 2005ರಲ್ಲಿ ಬಂದ ಡೊರೆಮಾನ್ ದೊಜಿನ್ಶಿಯಂತೂ ಅಶ್ಲೀಲವೂ ಅಲ್ಲ, ಅಪಹಾಸ್ಯವೂ ಅಲ್ಲ. ಮೂಲ ಕತೆಗಾರ ಫುಜಿಕೊ ಎಫ್. ಫುಜಿಯೊ 1996ರಲ್ಲಿ ಕತೆಗೆ ಮುಕ್ತಾಯ ಬರೆಯದೆ ತೀರಿಕೊಂಡಿದ್ದರು. ಬ್ಯಾಟರಿ ಮುಗಿದು ನಿಂತ ಡೊರೆಮಾನ್‌ನನ್ನು ಎಬ್ಬಿಸಲೆಂದೇ ದಡ್ಡ ನೊಬಿತಾ ಓದಿ ವಿಜ್ಞಾನಿಯಾಗುತ್ತಾನೆ ಎಂದು ಒಬ್ಬ ಅಭಿಮಾನಿ ಕೊನೆ ಕಟ್ಟಿಕೊಟ್ಟ. ಓದಿದವರು ಅತ್ತರು, 13,000ದಷ್ಟು ಪ್ರತಿ ಖರ್ಚಾಯಿತು. ರಕ್ಷಾಪುಟವೂ ಚಿತ್ರದ ಗೆರೆಯೂ ಮೂಲದ ಪ್ರತಿರೂಪದಂತಿದ್ದು, ಇದೇ ನಿಜವಾದ ಕೊನೆ ಎಂದು ನಂಬಿದವರೂ ಇದ್ದರು. ಪ್ರಕಾಶಕರು ಎಚ್ಚರಿಸಿದರು, 2007ರಲ್ಲಿ ಆತ ಕ್ಷಮೆ ಕೇಳಿ, ಗಳಿಕೆಯ ಒಂದು ಭಾಗ ಕೊಟ್ಟು ಮುಗಿಸಿಕೊಂಡ. ಈ ಎರಡೂ ಪ್ರಕರಣಗಳಲ್ಲಿ ನನಗೆ ಕಾಣುವುದು ಮೃದು ಸ್ವಭಾವವಲ್ಲ, ಗಡಿಗಲ್ಲು: ಮಕ್ಕಳ ಪಾತ್ರವನ್ನು ವಯಸ್ಕರ ಕತೆಗೆ ಎಳೆಯಬೇಡ, ಅಸಲಿ ಎಂದು ಜನ ತಪ್ಪು ತಿಳಿಯುವಂತೆ ಮಾಡಬೇಡ, ನಮ್ಮ ಪೇಟೆಗೆ ಪೈಪೋಟಿಯಾಗುವಷ್ಟು ಮಾರಬೇಡ. ಗಡಿಯೊಳಗಿದ್ದರೆ ಕಣ್ಣು ಮುಚ್ಚಿರುತ್ತದೆ. ಹೀಗೆ ಮುಚ್ಚಲು ಜಪಾನಿನ ವೃತ್ತಿಪದ್ಧತಿಯೂ ನೆರವಾಯಿತು. ಅಮೆರಿಕದ ಸೂಪರ್‌ಹೀರೋಗಳು ಸಾಮಾನ್ಯವಾಗಿ ಕಂಪನಿಯ ಆಸ್ತಿ. ಮಾಂಗಾದ ಕೃತಿಸ್ವಾಮ್ಯ ಬಹುಮಟ್ಟಿಗೆ ಬರೆದವರ ಬಳಿಯೇ ಉಳಿಯುತ್ತದೆ. ನಿನ್ನೆ ತಾನೇ ಆ ಅರ್ಧ ಮೇಜಿನ ಹಿಂದೆ ಕೂತಿದ್ದವರು ಇಂದು ಯಜಮಾನರಾದಾಗ ಹಿಂದಿನ ಸಾಲಿನವರ ಮೇಲೆ ದೂರು ಕೊಡಲು ಕೈ ಏಳುವುದು ಕಷ್ಟ.

ಎರಡನೇ ಆಕ್ಷೇಪ ಕೊಳಕಿನದು, ಮತ್ತು ಇದರಲ್ಲಿ ಹುರುಳಿದೆ. ದೊಜಿನ್ಶಿಗಳಲ್ಲಿ ಕಾಮದ ಪಾಲು ಸಣ್ಣದಲ್ಲ. 1989ರಲ್ಲಿ ಸಣ್ಣ ಹುಡುಗಿಯರನ್ನು ಕೊಂದ ಮಿಯಾಜಾಕಿ ತ್ಸುತೊಮು ಸಿಕ್ಕಿಬಿದ್ದು, ಅವನ ಕೋಣೆಯ ತುಂಬ ವಿಡಿಯೊ ಕ್ಯಾಸೆಟ್ಟುಗಳು ಟಿವಿಯಲ್ಲಿ ಕಂಡಾಗ ಎಲ್ಲ ಅಭಿಮಾನಿಗಳೂ ಆರೋಪಿಗಳಾದರು. 1991ರಲ್ಲಿ ಕಾಮಿಕೆಟ್ ಮಕುಹಾರಿ ಮೆಸ್ಸೆ ಭವನವನ್ನು ಕಳೆದುಕೊಂಡು ಹರುಮಿಯಲ್ಲಿದ್ದ ತನ್ನ ಹಳೆಯ ಜಾಗಕ್ಕೆ ಮರಳಬೇಕಾಯಿತು. ಪುಟ ತಿರುವಿ ನೋಡುವ ಕಟ್ಟುನಿಟ್ಟು ಬಿಗಿಯಾದದ್ದು ಈ ಏಟಿನ ನಂತರ. ಸಂತೆಯ ಶಿಸ್ತು ಭಯದಿಂದ ಬಂತೆಂದರೆ ಒಪ್ಪುತ್ತೇನೆ. ಭಯದಿಂದ ಬಂದರೂ ಶಿಸ್ತು ಶಿಸ್ತೇ.

ಹಾಡಿನ ವಿಷಯಕ್ಕೆ ಬಂದರೆ ಕತೆ ಪೂರ್ತಿ ಬದಲಾಗುತ್ತದೆ, ಮತ್ತು ನನ್ನ ವಾದಕ್ಕೆ ಅತಿ ಬಲವಾದ ಪುರಾವೆ ಅಲ್ಲಿದೆ. ಅನಿಮೆ ಅಭಿಮಾನಿಗೆ ಶೀರ್ಷಿಕೆ ಗೀತೆ ಕತೆಯಷ್ಟೇ ಮುಖ್ಯ. 1963ರ ‘ತೆತ್ಸುವಾನ್ ಆತೊಮು’ ಅನಿಮೆಯ ಗೀತೆಗೆ ಸಾಹಿತ್ಯ ಬರೆದವರು ತನಿಕಾವಾ ಶುಂತಾರೊ, ಜಪಾನಿನ ಆಧುನಿಕ ಕಾವ್ಯದ ದೊಡ್ಡ ಹೆಸರು. ಆದರೆ ಅಲ್ಲಿನ ಹಾಡುಗಳ ಹಕ್ಕನ್ನು ನೋಡಿಕೊಳ್ಳುವುದು ಬಹುತೇಕ 1939ರಲ್ಲಿ ಹುಟ್ಟಿದ ಜಾಸ್ರಾಕ್ ಎಂಬ ಸಂಸ್ಥೆ. ಸಂಗೀತ ಶಾಲೆಯಲ್ಲಿ ಕಲಿಯುವ ವಿದ್ಯಾರ್ಥಿ ನುಡಿಸಿದ್ದಕ್ಕೂ ಶುಲ್ಕ ಬೇಕೆಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ 2022ರಲ್ಲಿ ಆ ಅಂಶದಲ್ಲಿ ಸೋತ ಸಂಸ್ಥೆ ಅದು. ಲೆಕ್ಕದ ಪುಸ್ತಕ ಹಿಡಿದ ಸಂಸ್ಥೆಗೆ ಕಣ್ಣು ಮುಚ್ಚುವ ಅಧಿಕಾರವೇ ಇರುವುದಿಲ್ಲ. 1983ರಲ್ಲಿ ಒಸಾಕಾದ ವೈಜ್ಞಾನಿಕ ಕಥಾ ಸಮ್ಮೇಳನಕ್ಕೆಂದು ಕೆಲವು ಎಳೆಯರು ‘ಡೈಕಾನ್ 4’ ಎಂಬ ಪುಟ್ಟ ಚಿತ್ರ ಮಾಡಿದರು. ಮೊಲದ ಕಿವಿ ತೊಟ್ಟ ಹುಡುಗಿ ಕತ್ತಿಯ ಮೇಲೆ ನಿಂತು ಆಕಾಶದಲ್ಲಿ ತೇಲುತ್ತಾಳೆ, ಡಾರ್ತ್ ವೇಡರ್‌ನೊಂದಿಗೆ ಕಾದುತ್ತಾಳೆ. ಹಿನ್ನೆಲೆಗೆ ಇಂಗ್ಲೆಂಡಿನ ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾದ ‘ಟ್ವೈಲೈಟ್’ ಹಾಡು, ಅನುಮತಿ ಇಲ್ಲದೆ. ಮಾಡಿದವರಲ್ಲಿ ಅನ್ನೊ ಹಿದೆಯಾಕಿ ಇದ್ದರು. ಅವರ ಗುಂಪು 1984ರಲ್ಲಿ ಗೈನಾಕ್ಸ್ ಸ್ಟುಡಿಯೊ ಆಯಿತು, 1995ರಲ್ಲಿ ‘ಇವಾಂಜೆಲಿಯನ್’ ಕೊಟ್ಟಿತು. ಆ ಪುಟ್ಟ ಚಿತ್ರ ಮಾತ್ರ ಹಕ್ಕಿನ ತೊಡಕಿನಿಂದ ಮಾಮೂಲು ವ್ಯಾಪಾರಿ ಬಿಡುಗಡೆ ಕಾಣಲೇ ಇಲ್ಲ. ಬೇರೆಯವರ ಹಾಡಿನ ಮೇಲೆ ಕಟ್ಟುವ ದಾರಿ ಹೀಗೆ ಕಿರಿದಾಗಿದ್ದಾಗ, ಹಾಡುಗಾತಿಯನ್ನೇ ಹಂಚಿಕೊಳ್ಳುವ ಉಪಾಯ ಬಂದದ್ದು ಸಪ್ಪೊರೊದಿಂದ. 2007ರ ಆಗಸ್ಟ್ 31ರಂದು ಕ್ರಿಪ್ಟನ್ ಕಂಪನಿ ಹತ್ಸುನೆ ಮಿಕು ಎಂಬ ಹಾಡುವ ಸಾಫ್ಟ್‌ವೇರ್ ಮಾರಾಟಕ್ಕೆ ಬಿಟ್ಟಿತು, ಮುಂದೆ ಅವಳ ಚಿತ್ರವನ್ನು ಲಾಭಕ್ಕಲ್ಲದೆ ಬಳಸಲು ಲಿಖಿತ ಪರವಾನಗಿಯನ್ನೂ ಕೊಟ್ಟಿತು. ಮಾಂಗಾದಲ್ಲಿ ಬಾಯಿಬಿಡದೆ ಇದ್ದ ಒಪ್ಪಂದವನ್ನು ಇಲ್ಲಿ ಕಾಗದದ ಮೇಲೆ ಬರೆಯಬೇಕಾಯಿತು.

ಹಾಗಾದರೆ ಮಾಂಗಾಕ್ಕೂ ಬರೆದೇಬಿಡಬಹುದಲ್ಲ ಎಂಬುದು ಕೊನೆಯ ಆಕ್ಷೇಪ. ಪ್ರಯತ್ನ ನಡೆದಿದೆ. ‘ಲವ್ ಹಿನಾ’ ಖ್ಯಾತಿಯ ಅಕಾಮತ್ಸು ಕೆನ್ 2013ರ ಆಗಸ್ಟಿನಲ್ಲಿ ತಮ್ಮ ಹೊಸ ಧಾರಾವಾಹಿಗೆ ‘ದೊಜಿನ್ ಗುರುತು’ ಹಾಕಿದರು. ಆ ಗುರುತಿದ್ದರೆ ಯಾರು ಬೇಕಾದರೂ ದೊಜಿನ್ಶಿ ಮಾಡಿ ಮಾರಬಹುದು. ಅದು ಹಬ್ಬಲಿಲ್ಲ, ಕಾರಣ ಊಹಿಸುವುದು ಕಷ್ಟವಲ್ಲ. ಗುರುತು ಹಾಕಿದರೆ ಅಸಹ್ಯವಾದದ್ದಕ್ಕೂ ಸಹಿ ಹಾಕಿದಂತೆ, ಹಾಕದಿದ್ದರೆ ಬೇಡವೆಂದಂತೆ. ಸುಮ್ಮನಿದ್ದರೆ ಎರಡೂ ಅಲ್ಲ. ಟಿಪಿಪಿ ವಾಣಿಜ್ಯ ಒಪ್ಪಂದದ ಕಾಲದಲ್ಲಿ ಈ ಮೌನಕ್ಕೇ ಕುತ್ತು ಬಂದಿತ್ತು. ಯಜಮಾನ ದೂರು ಕೊಡದಿದ್ದರೂ ಸರ್ಕಾರವೇ ಮೊಕದ್ದಮೆ ಹೂಡುವಂತಾದರೆ, ಯಜಮಾನನ ಜಾಣ ಕುರುಡಿಗೆ ಬೆಲೆಯೇ ಇರುವುದಿಲ್ಲ. ಅಕಾಮತ್ಸು ಮುಂತಾದವರು ಹುಯಿಲೆಬ್ಬಿಸಿದರು. 2018ರ ಡಿಸೆಂಬರ್ 30ರಂದು ಜಾರಿಗೆ ಬಂದ ತಿದ್ದುಪಡಿ ಆ ಅಧಿಕಾರವನ್ನು ಲಾಭಕ್ಕಾಗಿ ಮೂಲವನ್ನು ಇದ್ದಂತೆಯೇ ನಕಲು ಮಾಡಿ ಯಜಮಾನನ ಗಳಿಕೆಗೆ ಏಟು ಹಾಕುವ ಪ್ರಕರಣಗಳಿಗೆ ಸೀಮಿತಗೊಳಿಸಿತು. ಪಾತ್ರ ಎರವಲು ಪಡೆದು ಹೊಸ ಕತೆ ಕಟ್ಟಿದ ದೊಜಿನ್ಶಿ ಅದರಿಂದ ಹೊರಗುಳಿಯಿತು. 2020ರ ಅಕ್ಟೋಬರಿನಲ್ಲಿ ಬೌದ್ಧಿಕ ಆಸ್ತಿಯ ಮೇಲ್ಮನವಿ ನ್ಯಾಯಾಲಯದ ಮುಂದೆ ಇನ್ನೂ ತಮಾಷೆಯ ವ್ಯಾಜ್ಯ ಬಂತು. ದೊಜಿನ್ಶಿಗಳನ್ನು ಕದ್ದು ಜಾಲತಾಣದಲ್ಲಿ ಹಾಕುತ್ತಿದ್ದವರ ಮೇಲೆ ದೊಜಿನ್ಶಿಯ ಲೇಖಕರೇ ದಾವೆ ಹೂಡಿದ್ದರು. ಇವರದೇ ಕದ್ದ ಮಾಲು, ಇವರಿಗೆಲ್ಲಿಯ ಹಕ್ಕು ಎಂಬುದು ಪ್ರತಿವಾದಿಗಳ ಸಮರ್ಥನೆ. ಮೂಲದ ಯಾವ ದೃಶ್ಯ ಕದ್ದದ್ದೆಂದು ನೀವು ತೋರಿಸಿಲ್ಲ, ಹಾಗೆ ಕದ್ದಿದ್ದರೂ ಲೇಖಕರು ತಾವಾಗಿ ಸೇರಿಸಿದ್ದು ಅವರದೇ ಎಂದ ನ್ಯಾಯಾಲಯ, ಸುಮಾರು 21.9 ಲಕ್ಷ ಯೆನ್ ಪರಿಹಾರ ಕೊಡಬೇಕೆಂದಿತು. ದೊಜಿನ್ಶಿ ಸಕ್ರಮವೆಂದು ಆ ತೀರ್ಪು ಎಲ್ಲೂ ಹೇಳಿಲ್ಲ. ಅಕ್ರಮವೆಂದು ಹೇಳುವ ಹಕ್ಕು ದಾರಿಹೋಕರಿಗಿಲ್ಲ, ಬೇಕಿದ್ದರೆ ಮೂಲದ ಯಜಮಾನರು ಬಂದು ಹೇಳಲಿ ಎಂಬುದು ಅದರ ತಾತ್ಪರ್ಯ. ಮತ್ತು ಆ ಯಜಮಾನರು ಯಾರೂ ಬಂದಿರಲಿಲ್ಲ.