ಕೇಪಿನ ಕೋವಿಯ ಸಂದು

ಕೋವಿಯ ನಳಿಗೆ ಯಾವ ದೇಶದ್ದಾದರೂ ಇರಲಿ, ಅದನ್ನು ಹೊತ್ತ ಮರ ಊರಿನ ಮಳೆಬಿಸಿಲು ತಿನ್ನಲೇಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಕಾಸರಗೋಡಿನಲ್ಲಿ ಆಟಿ ತಿಂಗಳ ಮಳೆಗೆ ಉಬ್ಬಿದ ಮರ ಪಗ್ಗು ತಿಂಗಳ ಬಿಸಿಲಿಗೆ ಕುಗ್ಗುತ್ತದೆ. ಕಬ್ಬಿಣಕ್ಕೆ ಆ ಚಾಳಿಯಿಲ್ಲ. ಹಾಗಾಗಿ ಇವೆರಡರ ನಡುವೆ ಸಂದು ಬೀಳುತ್ತದೆ.

ಸಂದುಗಳೆಲ್ಲ ಒಂದೇ ಅಲ್ಲ. ನಳಿಗೆಯ ಪಕ್ಕದ್ದು ಬರೀ ಕಣ್ಣಿಗೆ ಕಾಣುವ ಕೊರೆ. ಅದೇ ಮರದ ತೆಳು ಸೀಳನ್ನು ಎಳೆಗೆ ಎಳೆ ಕೂಡಿಸಿ ಅಂಟಿಸಿ ಉಜ್ಜಿದರೆ ಮಾಯ. ನಳಿಗೆಯ ಬುಡದ ಹಿಂದೆ ಬಿಟ್ಟ ಸಂದು ಹಾಗಲ್ಲ. ಕೋವಿ ಹಾರಿದಾಗ ಹಿಂದಕ್ಕೆ ಒದೆಯುವ ಬಲವೆಲ್ಲ ಅಲ್ಲೇ ಕೂರಬೇಕು. ಮರದ ಹುಡಿಗೆ ಅಂಟು ಕಲಸಿ ತುಂಬಿದರೆ ಅದು ಪುಡಿಯಾಗಿ, ಹಿಡಿ ಸೀಳುತ್ತದೆ. ಅಲ್ಲಿಗೆ ಗಟ್ಟಿಮರದ ತುಂಡೇ ಬೇಕು. ಅದನ್ನು ಕೂರಿಸುವ ಉಪಾಯ ಹಳೆಯದು: ಕಬ್ಬಿಣಕ್ಕೆ ದೀಪದ ಮಸಿ ಹಿಡಿಸಿ ಮರಕ್ಕೆ ಒತ್ತುವುದು, ಕಪ್ಪು ತಾಗಿದಲ್ಲಿ ಮಾತ್ರ ಉಳಿಯಿಂದ ಕೆರೆಯುವುದು, ಮತ್ತೆ ಒತ್ತುವುದು. ಅವಸರದವರಿಗೆ ಈ ಕೆಲಸ ಹೇಳಿದ್ದಲ್ಲ.

ಈ ಸೀಮೆಗೆ ಕೋವಿ ಹೊಸತೇನಲ್ಲ. 17ನೇ ಶತಮಾನದ ನಡುವಿನಲ್ಲಿ ಇಕ್ಕೇರಿಯ ಶಿವಪ್ಪ ನಾಯಕ ಕಟ್ಟಿಸಿದ ಬೇಕಲ ಕೋಟೆಯ ಗೋಡೆಗಳಲ್ಲಿ ಗುಂಡು ಹಾರಿಸುವ ಕಂಡಿಗಳಿವೆ. ಆದರೆ ಬತ್ತಿಯ ಕೋವಿಗೂ ಚಕಮಕಿ ಕಲ್ಲಿನ ಕೋವಿಗೂ ಮಳೆಯೇ ವೈರಿ. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್, ಬಡಿದರೆ ಸಿಡಿಯುವ ರಸಾಯನದಿಂದ ಮದ್ದಿಗೆ ಕಿಡಿ ಹಚ್ಚುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದರ ಬೆನ್ನಿಗೇ ಬಂದದ್ದು, ಮಳೆಗೆ ಅಷ್ಟಾಗಿ ಅಂಜದ ತಾಮ್ರದ ಕೇಪು.

ಕಾನೂನು ಮಾತ್ರ ಊರಿಗೊಂದು ಬಗೆಯಾಯಿತು. 1861ರಲ್ಲಿ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಪಾಣತ್ತೂರಿನಿಂದ ಘಟ್ಟ ಹತ್ತಿದರೆ ಸಿಗುವ ಕೊಡಗಿನಲ್ಲಿ ಅವರು ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಇಳಿದು ಬಂದರೆ, ಆಗಿನ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡಿನ ಕೃಷಿಕನಿಗೆ ಆ ಸಲುಗೆಯಿಲ್ಲ. 1959ರ ಆಯುಧ ಕಾಯ್ದೆ ಬೆಳೆ ಕಾಯಲು ಮೂತಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಲು ಅವಕಾಶ ಇಟ್ಟಿದೆ. ಅದೇ ಕಾಯ್ದೆಯ 5ನೇ ಕಲಮಿನ ಪ್ರಕಾರ, ಪರವಾನಗಿಯಿಲ್ಲದೆ ಕೋವಿ ಮಾಡುವುದಿರಲಿ, ರಿಪೇರಿಯೂ ಕೂಡದು. ಬಾಗಿಲು ದಾರಂದ ಮಾಡುವ ಆಚಾರಿಯ ಕೈ ಪಳಗಿದ್ದರೂ ಅವನಿಗೆ ಕೋವಿಯ ಕೆಲಸ ದೂರವೇ.

2022ರಲ್ಲಿ ಕೇರಳ ಸರಕಾರ, ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಿಸುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿತು. ಗುಂಡು ಹಾರಿಸಬೇಕಾದವರು ಪರವಾನಗಿಯ ಕೋವಿ ಇದ್ದವರು. ಕೇಪಿನ ಕೋವಿಯವನಿಗಾದರೆ ಇರುವುದು ಒಂದೇ ಗುಂಡು. ಅದು ತಪ್ಪಿದರೆ ಮತ್ತೆ ಮದ್ದು ಸುರಿದು, ಗಜದಿಂದ ಜಡಿದು, ಕೇಪು ಇಡಬೇಕು. ಅಷ್ಟರಲ್ಲಿ ಹಂದಿ ಬೇಲಿ ದಾಟಿರುತ್ತದೆ.